ಏಳು ಹೆಸರಿನ ಒಂದು ಎದೆ

ಮೂರನೆಯ ಕೊಡದ ನೀರೂ ಕೆಂಪಗೇ ಇಳಿಯಿತು. ಹಂಪಕ್ಕ ಖಾಲಿ ಕೊಡವನ್ನು ನೆಲಕ್ಕಿಟ್ಟು, ಕಲ್ಲುಸಂದಿಯಲ್ಲಿ ಹರಿದುಹೋಗುತ್ತಿದ್ದ ಆ ನೀರನ್ನೇ ನೋಡುತ್ತ ನಿಂತಳು. ಮನೆಯ ಹಿಂದೆ ನಾಲ್ಕು ಹಳೆಯ ಸೀರೆ ಕಟ್ಟಿ ಮಾಡಿದ ಮರೆಯಲ್ಲಿ ದುರುಗವ್ವನನ್ನು ಹಲಗೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ದುರುಗವ್ವನ ಜೊತೆ ಕೂಲಿ ಮಾಡುವ ವಿರುಪಮ್ಮ ಅವಳ ಕೂದಲಿನ ಬುಡಕ್ಕೆ ಸೀಗೆಪುಡಿ ಹಾಕಿ, ಎರಡೂ ಕೈಯ ಬೆರಳಾಡಿಸಿ ತಿಕ್ಕುತ್ತಿದ್ದಳು.

"ಇನ್ನೊಂದು ಕೊಡ ತಾ ಹಂಪಕ್ಕ. ಹನ್ನೊಂದು ವರ್ಷದ ಧೂಳು, ಮೂರು ಕೊಡಕ್ಕ ಬಿಡ್ತೈತೇನು?"

"ಟ್ಯಾಂಕರ್ ನೀರು ಮುಗೀತಾ ಬಂತವ್ವ."

"ಮುಗೀಲಿ ಬಿಡು. ಇದ್ದಾಗಂತೂ ಒಂದಿನ ತಲಿತುಂಬ ಎರಕೊಳ್ಳಲಿಲ್ಲ, ಪಾಪ."

ದುರುಗವ್ವ ಹೋದದ್ದು ಬೆಳಗಿನ ಐದಕ್ಕೆ. ಹಂಪಕ್ಕ ಅವಳ ನೆಗೆಣ್ಣಿ. ದುರುಗವ್ವನ ಗಂಡ ಪಾಲಪ್ಪನ ತಮ್ಮ ಜಡೆಪ್ಪನ ಹೆಂಡತಿ. ಎರಡು ಮನೆಗೂ ಸೇರಿ ನಡುವೆ ಒಂದೇ ಗೋಡೆ. ಯುಗಾದಿಯಿಂದ ಈಚೆಗೆ ಆ ಗೋಡೆಯ ಆಚೆ ಕೆಮ್ಮು ಕೇಳಿಸದ ರಾತ್ರಿ ಇರಲಿಲ್ಲ. ಇವತ್ತಿಗೆ ಅದು ನಿಂತಿತು ಎಂದುಕೊಳ್ಳುವಷ್ಟರಲ್ಲಿ ಒಳಗಿಂದ ಮತ್ತೆ ಕೇಳಿಸಿತು. ಅದೇ ಒಣ ಕೆಮ್ಮು, ಒಂದರ ಬೆನ್ನಿಗೊಂದು, ಕಡೆಗೊಂದು ಸಣ್ಣ ಶಿಳ್ಳೆ. ಒಳಗೆ ಕೂತಿದ್ದವಳು ದೇವಿಕಾ, ದುರುಗವ್ವನ ಒಬ್ಬಳೇ ಮಗಳು. ಬರುವ ದೀಪಾವಳಿಗೆ ಅವಳಿಗೆ ಹತ್ತೊಂಬತ್ತು.

"ಅತ್ತೂ ಅತ್ತೂ ಗಂಟಲು ಕಟ್ಟೈತಿ ಹುಡುಗೀದು," ಎಂದಳು ವಿರುಪಮ್ಮ.

"ಅತ್ತದ್ದಲ್ಲ ಅದು. ಹದಿನೈದು ದಿನದಿಂದ ಕೇಳಾಕತ್ತೀನಿ."

ವಿರುಪಮ್ಮನ ಕೈ ಒಂದು ಗಳಿಗೆ ನಿಂತಿತು. ಸೀರೆಯ ಮರೆಯಾಚೆ ಯಾರಿದ್ದಾರೆಂದು ನೋಡಿ ಧ್ವನಿ ತಗ್ಗಿಸಿದಳು. "ನಾಳಿ ವ್ಯಾನ್ ಬರ್ತೈತಿ, ನೆನಪೈತಿಲ್ಲ? ತಾಯಿ ಜಾಗಕ್ಕ ಮಗಳ ಹೆಸರು ಬರಕೋ ಅಂತ ಪಾಲಪ್ಪ ಮುಂಜಾನೀನ ಮೇಸ್ತ್ರಿಗೆ ಫೋನ್ ಮಾಡ್ಯಾನ. ಈಕೀದಕ್ಕೂ ನೀನ ನಿಲ್ಲಬೇಕು."

ಹಂಪಕ್ಕ ಕೊಡದ ಬಾಯನ್ನು ಸೆರಗಿನಿಂದ ಒರೆಸಿದಳು.

"ಏಳು ಮಂದಿಗೆ ನಿಂತಾಕಿ ನೀನು. ದುರುಗಿ ಹೋದ್ಲು, ದೇವಿಕಾ ಬಂದ್ಲು. ಮತ್ತ ಏಳ ಆತು. ನಿಂಗೇನು ಹೆಚ್ಚಿನ ತ್ರಾಸಿಲ್ಲ."

ನಾಲ್ಕನೆಯ ಕೊಡ ತರಲು ಹಂಪಕ್ಕ ಬಗ್ಗಿದಳು. ಹೆಣಕ್ಕೆ ಬೆನ್ನು ಮಾಡಿ ನಿಂತಾಗಲೂ ದುರುಗವ್ವ ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು.

*

ಸಂಡೂರಿನಿಂದ ಆರು ಕಿಲೋಮೀಟರು, ಗುಡ್ಡದ ಬುಡದಲ್ಲಿ ದುರುಗವ್ವ ಕೂಲಿ ಮಾಡುತ್ತಿದ್ದ ಪ್ಲಾಟು. ಮೇಲಿನ ಗಣಿಯಿಂದ ಬಂದ ಅದಿರನ್ನು ಅಲ್ಲಿ ರಾಶಿ ಹಾಕುತ್ತಿದ್ದರು. ಸುತ್ತಿಗೆ ಹಿಡಿದು ಹೆಂಟೆ ಒಡೆಯುವುದು, ಜರಡಿ ಹಿಡಿಯುವುದು ಹೆಂಗಸರ ಕೆಲಸ. ಮೂರು ವರ್ಷದ ಕೆಳಗೆ ಒಬ್ಬಳು ಜರಡಿ ಹಿಡಿದಲ್ಲೇ ರಕ್ತ ಕಾರಿಕೊಂಡು ಬಿದ್ದಳು. ಅದು ಪೇಪರಿನಲ್ಲಿ ಬಂತು, ಯಾರೋ ಸಾಹೇಬರು ಬಂದು ಹೋದರು, ಆಮೇಲೆ ಹೊಸ ಕಾಯಿದೆ ಬಂತು. ಆರು ತಿಂಗಳಿಗೊಮ್ಮೆ ಹೊಸಪೇಟೆಯ ಖಾಸಗಿ ಆಸ್ಪತ್ರೆಯೊಂದರ ವ್ಯಾನು ಪ್ಲಾಟಿಗೇ ಬಂದು ಎಲ್ಲರ ಎದೆಯ ಎಕ್ಸ್‌ರೇ ಫಿಲ್ಮು ತೆಗೆಯುತ್ತದೆ. ಖರ್ಚು ಪೂರ್ತಿ ಕಂಪನಿಯದು.

ಮೊದಲ ಸಲ ವ್ಯಾನು ಬಂದಾಗ ಹೆಂಗಸರು ತೊಳೆದ ಸೀರೆ ಉಟ್ಟು, ಹೂ ಮುಡಿದು ಹೋಗಿದ್ದರು. ಒಳಗೆ ತಣ್ಣನೆಯ ಗಾಳಿ, ಬಿಳಿಯ ಗೋಡೆ, ಮೂಗಿಗೆ ಹಿತವಾದ ಔಷಧದ ವಾಸನೆ. ದುಡ್ಡಿದ್ದವರ ಮಿಷನ್ನು ತಮ್ಮನ್ನೂ ನೋಡಿತಲ್ಲ ಎಂದು ವಾರವೆಲ್ಲ ಅದೇ ಮಾತು. ವಾರ ಕಳೆದ ಮೇಲೆ ಗೇಟಿನಲ್ಲಿ ಹನ್ನೊಂದು ಮಂದಿಯ ಪಾಸು ಇಸಿದುಕೊಂಡರು. ಎದೆಯಲ್ಲಿ ಕಲೆ ಇದ್ದವರು ಒಳಗೆ ಬರಕೂಡದು. ಅವರಿಗೆ ಮದ್ದು ಕೊಡುವ ಮಾತು ಕಾಯಿದೆಯಲ್ಲಿ ಇರಲಿಲ್ಲ. ಆ ಹನ್ನೊಂದರಲ್ಲಿ ನಾಲ್ವರು ಅದೇ ವರ್ಷ ತೀರಿಕೊಂಡರು. ಪ್ಲಾಟಿನ ಹೊರಗೆ, ತಮ್ಮ ತಮ್ಮ ಮನೆಗಳಲ್ಲಿ ತೀರಿಕೊಂಡದ್ದರಿಂದ ಅದು ಯಾವ ಪೇಪರಿನಲ್ಲೂ ಬರಲಿಲ್ಲ.

ಎರಡನೆಯ ವ್ಯಾನಿನ ಹಿಂದಿನ ಸಂಜೆ ದುರುಗವ್ವ ಅಡಿಗೆ ಶೆಡ್ಡಿಗೆ ಬಂದಳು. ಹಂಪಕ್ಕ ಪ್ಲಾಟಿನ ತೂಕದ ಕಾಟಾದ ಹತ್ತಿರ ಡ್ರೈವರುಗಳಿಗೆ ಅನ್ನ ಸಾರು ಮಾಡುವವಳು. ಅಡಿಗೆಯವಳ ಪಾಸಿಗೆ ಫಿಲ್ಮು ಬೇಕಿರಲಿಲ್ಲ. ಅವಳು ಗಂಡನ ಜೊತೆ ಕಂಪ್ಲಿ ಕಡೆಯಿಂದ ಬಂದು ಇನ್ನೂ ವರ್ಷವಷ್ಟೇ ಆಗಿತ್ತು. ಅಲ್ಲಿ ಕಾಲುವೆಯ ನೀರಿನಲ್ಲಿ ನಾಟಿ ಹಚ್ಚಿ, ಹೊಳೆಯ ಮೀನು ತಿಂದು ಬೆಳೆದ ಮೈ. ಜಡೆಪ್ಪನಿಗೆ ಅದಿರಿನ ಲಾರಿ ಸಿಕ್ಕಿತೆಂದು ಗಂಟುಮೂಟೆ ಕಟ್ಟಿ ಈ ಕೆಂಪು ಊರಿಗೆ ಬಂದಿದ್ದರು. ಈಗ ಅವನು ಲಾರಿಯ ಜೊತೆ ಸಮುದ್ರದ ಕಡೆ ಹೋದರೆ ತಿರುಗಿ ಬರುವುದು ವಾರಕ್ಕೊಮ್ಮೆ.

"ಹಂಪೀ," ಎಂದಳು ದುರುಗವ್ವ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು. "ನಾಳಿ ಒಂದಿನದ ಮಟ್ಟಿಗೆ ನಿನ್ನ ಎದಿ ಕೊಡ್ತೀಯೇನ?"

"ಹೆಂಗ ಕೊಡಾದು? ಬಿಚ್ಚಿ ಕೊಡ್ಲ್ಯಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಗುತ್ತ ನಗುತ್ತ ದುರುಗವ್ವನಿಗೆ ಕೆಮ್ಮು ಹತ್ತಿತು.

ಮರುದಿನ ನೀರಿನ ಟ್ಯಾಂಕರಿನ ಮರೆಯಲ್ಲಿ ಇಬ್ಬರೂ ಸೀರೆ ಬದಲಿಸಿದರು. ಧೂಳಿಗೆಂದು ಮೂಗು ಬಾಯಿಗೆ ಎಲ್ಲ ಹೆಂಗಸರೂ ಬಟ್ಟೆ ಸುತ್ತುತ್ತಿದ್ದರು, ಹಂಪಕ್ಕನೂ ಸುತ್ತಿದಳು. ದುರುಗವ್ವ ಎಂದು ಕೂಗಿದಾಗ ಒಳಗೆ ಹೋಗಿ ನಿಂತಳು. ಅದು ಕೇರಿಯಲ್ಲಿ ಗುಟ್ಟಾಗಿ ಉಳಿಯಲಿಲ್ಲ. ಮುಂದಿನ ವ್ಯಾನಿಗೆ ಮೂವರಾದರು, ಅದರ ಮುಂದಿನದಕ್ಕೆ ಐವರು, ಈ ಯುಗಾದಿ ಹೊತ್ತಿಗೆ ಏಳು. ಫಿಲ್ಮು ತೆಗೆಯುವವನು ಒಮ್ಮೆ ಹುಬ್ಬು ಗಂಟಿಕ್ಕಿ, "ನಿನ್ನ ಈಗ್ಲೇ ನೋಡಿದಂಗಿದೆಯಲ್ಲಮ್ಮ," ಎಂದಿದ್ದ.

"ನಾವೆಲ್ಲ ಒಂದ ಬಳ್ಳಿಯವರು ರೀ. ಒಂದ ನಮೂನಿ ಅದೀವಿ."

ಅವನಿಗೆ ಊಟದ ಹೊತ್ತಿಗೆ ನೂರು ಫಿಲ್ಮು ಮುಗಿಯಬೇಕಿತ್ತು. ನಕ್ಕು ಸುಮ್ಮನಾದ. ಏಳು ಫಿಲ್ಮನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದವರು ಯಾರೂ ಇರಲಿಲ್ಲ.

ದುರುಗವ್ವನಿಗೆ ತನ್ನ ಹೆಸರು ಬರೆದ ಆ ಫಿಲ್ಮಿನ ಮೇಲೆ ವಿಪರೀತ ಪ್ರೀತಿ. ಅದನ್ನು ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ಬೇಸಗೆಯಲ್ಲಿ ಕೆಮ್ಮು ಜಾಸ್ತಿಯಾದಾಗ ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. "ನೋಡ ಹಂಪೀ, ಎಷ್ಟು ಸ್ವಚ್ಛ ಐತಿ. ಕೆಮ್ಮು ಗಂಟಲದ್ದ ಇರಬೇಕು."

*

ಹೆಣ ಎತ್ತಲು ತವರಿನ ಸೀರೆ ಬರಬೇಕಿತ್ತು. ಗಂಡನಿರುವಾಗಲೇ ಹೋದ ಮುತ್ತೈದೆ. ತವರಿನವರು ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬದೆ ಮಣ್ಣಿಗೆ ಒಯ್ಯುವಂತಿಲ್ಲ. ಮಲಪನಗುಡಿಯಿಂದ ತಾಯಿ ಹುಲಿಗೆವ್ವ ಎರಡು ಬಸ್ಸು ಬದಲಿಸಿ ಬಂದು ತಲುಪುವಾಗ ಹೊತ್ತು ನೆತ್ತಿ ದಾಟಿತ್ತು. ಅದಿರಿನ ಲಾರಿಗಳು ರಸ್ತೆ ಕಟ್ಟಿಕೊಂಡು ನಿಂತಿದ್ದರಿಂದ ಕಡೆಯ ಎರಡು ಮೈಲಿ ನಡೆದೇ ಬಂದಿದ್ದಳು. ಎಪ್ಪತ್ತೆರಡು ವರ್ಷದ ಮುದುಕಿ, ಕಂಕುಳಲ್ಲಿ ಸೀರೆಯ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳ ಉಸಿರು ಕೂಡ ಏರಿರಲಿಲ್ಲ.

ಹೆಂಗಸರು ಎದ್ದು ದಾರಿ ಬಿಟ್ಟರು. ಮುದುಕಿ ಮಗಳ ಮುಂದೆ ಕೂತು, ಗಲ್ಲ ಹಿಡಿದೆತ್ತಿ ನೋಡಿದಳು.

"ಇಷ್ಟಾ ಉಳದೀಯೇನ ನನ್ನವ್ವ?"

ಗುಂಪಿನಲ್ಲಿ ಯಾರೋ ಸಮಾಧಾನ ಹೇಳಲು ಹೋದರು. "ಪುಣ್ಯವಂತಿ ಬಿಡವ್ವ. ಕುಂಕುಮದ ಜೋಡಿ ಹೊಂಟಾಳ."

"ಯಾವಾಕೀನ ಅದು ಪುಣ್ಯ ಅನ್ನಾಕಿ?" ಮುದುಕಿ ತಿರುಗಿದಳು. "ನಲವತ್ತಮೂರಕ್ಕ ಹೋಗೋದು ಪುಣ್ಯ ಆದ್ರ, ಎಪ್ಪತ್ತೆರಡಕ್ಕ ಎರಡು ಬಸ್ ಹತ್ತಿ ಬಂದಾಕಿ ನಾನೇನು ಪಾಪ ಮಾಡೀನಿ?"

ಬಳೆಗಾರ ತಂದ ಹಸಿರು ಬಳೆಗಳು ಕೈಯಲ್ಲಿ ನಿಲ್ಲದೆ ಮೊಣಕೈವರೆಗೆ ಸರಿದವು. ವಿರುಪಮ್ಮ ಅವನ್ನು ದಾರದಿಂದ ಕಟ್ಟಿ ನಿಲ್ಲಿಸಿದಳು.

"ಗಣಿ ಧಣಿ ತಾಯಿಗೆ ಎಂಬತ್ತಾರಂತ," ಎಂದಳು ಅವಳು, ದಾರದ ತುದಿಯನ್ನು ಹಲ್ಲಲ್ಲಿ ಕಡಿಯುತ್ತ. "ಎದ್ಯಾಗ ಏನೋ ಸ್ಪ್ರಿಂಗ್ ಹಾಕ್ಸಾಕ ಹೆಲಿಕಾಪ್ಟರಿನ್ಯಾಗ ಬೆಂಗಳೂರಿಗೆ ಒಯ್ದಿದ್ರು. ಆರಾಮಾಗಿ ತಿರುಗಿ ಬಂದ ದಿನ ಪ್ಲಾಟಿನ್ಯಾಗ ಎಲ್ಲಾರಿಗೂ ಲಾಡು ಹಂಚಿದ್ರು. ನಿನ್ನ ಮಗಳು ಎರಡು ಇಸ್ಕೊಂಡ್ಲು ನೋಡಬೇ. ಮುದುಕಿ ನೂರು ವರ್ಷ ಬಾಳ್ಲಿ ಅಂತ ಬ್ಯಾರೆ ಹರಸಿದ್ಲು."

ಮುದುಕಿ ಅಳಿಯನ ಕಡೆ ನೋಡಿದಳು. ಪಾಲಪ್ಪ ಕಟ್ಟೆಯ ಮೇಲೆ ತಲೆತಗ್ಗಿಸಿ ಕೂತಿದ್ದ.

"ದವಾಖಾನಿಗೆ ತೋರ್ಸಿದ್ರೋ ಇಲ್ಲೋ?"

"ತೋರ್ಸಿದ್ವಿ ಅತ್ತಿ. ಫಿಲ್ಮ್ ಸ್ವಚ್ಛ ಇತ್ತು. ಡಾಕ್ಟರ ನೋಡಿ ಹೇಳಿದ್ರು."

"ಸ್ವಚ್ಛ ಇದ್ರ ಯಾಕ ಸತ್ಲು?"

ಪಾಲಪ್ಪ ಹಂಪಕ್ಕನ ಕಡೆ ನೋಡದಂತೆ ಮುಖ ತಿರುಗಿಸಿಕೊಂಡ. ಹಂಪಕ್ಕ ಉಡಿಗೆ ಹಾಕುವ ಅಕ್ಕಿಯನ್ನು ಮೊರದಲ್ಲಿ ಕೇರುತ್ತಿದ್ದಳು. ಅದರಲ್ಲಿ ಕಲ್ಲಿರಲಿಲ್ಲ. ಆದರೂ ಕೇರುತ್ತಲೇ ಇದ್ದಳು.

ಅಷ್ಟರಲ್ಲಿ ಜೀಪು ಬಂತು. ಪ್ಲಾಟಿನ ಮೇಸ್ತ್ರಿ ಯಲ್ಲೇಶ ಇಳಿದು, ಕಂಪನಿಯ ಕಡೆಯಿಂದೆಂದು ಒಂದು ಚೆಂಡುಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿ ಕೈಮುಗಿದ. ಹತ್ತು ನಿಮಿಷ ಪಾಲಪ್ಪನ ಪಕ್ಕ ಕೂತ. ಏಳುವಾಗ ಜೇಬಿನಿಂದ ಪಟ್ಟಿ ತೆಗೆದ.

"ದೇವಿಕಾ ಹೆಸರು ಬರದೀನಿ. ಮೈಲಿಗಿ ಅಂತ ನಾಳಿ ಬರದಿದ್ರ ಮತ್ತ ಆರು ತಿಂಗಳಿಗೇ ವ್ಯಾನು. ಅಲ್ಲೀತನಕ ಜಾಗ ಹಿಡದು ಕುಂದ್ರಾಕ ನನ್ನ ಕೈಲಿ ಆಗಂಗಿಲ್ಲ. ಹತ್ತು ಗಂಟೆಗೆ ಕಳಸು."

ಒಳಗೆ ದೇವಿಕಾ ಕೆಮ್ಮಿದಳು. ಯಲ್ಲೇಶ ಆ ಕಡೆ ನೋಡಿದ, ಆಮೇಲೆ ಹಂಪಕ್ಕನ ಕಡೆ ನೋಡಿದ.

"ನಂಗೇನೂ ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ," ಎಂದು ಜೀಪು ಹತ್ತಿದ.

ಅವನು ಹೋದ ಮೇಲೆ ಪಾಲಪ್ಪ ಮೊರದ ಹತ್ತಿರ ಬಂದು ನಿಂತ. ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವವನಲ್ಲ ಅವನು. ನೆಲ ನೋಡುತ್ತ ಅಂದ. "ಹಂಪವ್ವ, ಇದೊಂದು ಸಲ."

*

ದುರುಗವ್ವನಿಗೆ ಮಳೆಗಾಲದ ಮೊದಲಲ್ಲಿ ಸಂಜೆ ಸಂಜೆ ಜ್ವರ ಬರತೊಡಗಿತ್ತು. ರವಿಕೆಗಳೆಲ್ಲ ಸಡಿಲಾದವು. ಪೇಟೆಯ ಸರ್ಕಾರಿ ದವಾಖಾನೆಗೆ ಹಂಪಕ್ಕನೇ ಕರೆದುಕೊಂಡು ಹೋದಳು. ಚೀಟಿ ಮಾಡಿಸಿ ಕೂತಾಗ ಎಂಟೂವರೆ, ಒಳಗೆ ಕರೆದಾಗ ಒಂದೂಕಾಲು. ಅವರು ಕೂತಿದ್ದ ಬೆಂಚಿನ ಎದುರಿಗೇ ಎಕ್ಸ್‌ರೇ ಕೋಣೆ. ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಹೊಸ ಮಿಷನ್ನು ಸುತ್ತಿದ ಪ್ಲಾಸ್ಟಿಕ್ಕಿನಲ್ಲೇ ನಿಂತಿತ್ತು. ಬಂದು ವರ್ಷವಾಯಿತು, ನಡೆಸುವವನನ್ನು ಸರ್ಕಾರ ಇನ್ನೂ ಕಳಿಸಿಲ್ಲ ಎಂದು ಕಸ ಗುಡಿಸುವವಳು ಹೇಳಿದಳು.

ಮೂರು ಕುರ್ಚಿಗಳಿದ್ದ ಕೋಣೆಯಲ್ಲಿ ಒಬ್ಬರೇ ಡಾಕ್ಟರು. ಇನ್ನೂ ಹುಡುಗು ಮುಖ, ಕಣ್ಣ ಕೆಳಗೆ ಕಪ್ಪು.

"ಎಷ್ಟು ದಿನದಿಂದ ಕೆಮ್ಮು?"

"ಹಬ್ಬದಿಂದ ರೀ."

"ಯಾವ ಹಬ್ಬ?"

"ಯುಗಾದಿ ರೀ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಎದೆ ಫಿಲ್ಮ್ ಬೇಕಮ್ಮ. ಇಲ್ಲಿ ಆಗಲ್ಲ. ಹೊರಗೆ ಮಾಡಿಸಿದರೆ ಮುನ್ನೂರಾಗುತ್ತೆ."

ಹೊರಗೆ ಮಾಡಿಸುವ ಶಕ್ತಿ ಇಲ್ಲವೆಂದು ಹಂಪಕ್ಕ ಹೇಳಬೇಕೆನ್ನುವಷ್ಟರಲ್ಲಿ ದುರುಗವ್ವ ಚೀಲದಿಂದ ಅಗಲವಾದ ಕಾಗದದ ಲಕೋಟೆ ತೆಗೆದಳು. ಅದನ್ನು ತಂದಿದ್ದಾಳೆಂದು ಹಂಪಕ್ಕನಿಗೆ ಗೊತ್ತೇ ಇರಲಿಲ್ಲ. ಸೀರೆಯ ಮರೆಯಲ್ಲಿ ಅವಳ ಕೈ ಚಿವುಟಿದಳು. ದುರುಗವ್ವ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಐತ್ರಿ ನನ್ನ ಹತ್ರ. ಹೊಸಪ್ಯಾಟಿ ದೊಡ್ಡ ದವಾಖಾನಿಯವ್ರು ತೆಗದದ್ದು. ಎಸಿ ವ್ಯಾನಿನ್ಯಾಗ ರೀ."

ಡಾಕ್ಟರು ಹೆಸರು ನೋಡಿದರು, ತಾರೀಖು ನೋಡಿದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಮುಖದ ಬಿಗಿ ಸಡಿಲಾದದ್ದು ಹಂಪಕ್ಕನಿಗೆ ಕಂಡಿತು.

"ಎರಡು ತಿಂಗಳ ಹಿಂದಿನದು. ಚೆನ್ನಾಗಿದೆಯಲ್ಲಮ್ಮ ಎದೆ." ಆಮೇಲೆ ಫಿಲ್ಮಿನ ಮೇಲ್ಭಾಗಕ್ಕೆ ಪೆನ್ನಿನ ತುದಿ ಇಟ್ಟರು. "ಈ ಹೆಗಲಿನ ಎಲುಬು ಯಾವಾಗ ಮುರಿದಿತ್ತು?"

ಹಂಪಕ್ಕನ ಬಲಗೈ ತಾನಾಗಿ ತನ್ನ ಕುತ್ತಿಗೆಯ ಬುಡಕ್ಕೆ ಹೋಯಿತು. ಅಲ್ಲಿ, ಸೆರಗಿನ ಕೆಳಗೆ, ಹುಣಸೆಬೀಜದಷ್ಟು ಗಂಟು. ಒಂಬತ್ತು ವರ್ಷದವಳಿದ್ದಾಗ ಕಂಪ್ಲಿಯಲ್ಲಿ ಕಬ್ಬಿನ ಬಂಡಿಯ ಮೇಲಿಂದ ಬಿದ್ದು ಮುರಿದುಕೊಂಡದ್ದು, ಎಲುಬು ಕಟ್ಟುವವನು ಕೂಡಿಸಿದ್ದು.

"ಸಣ್ಣಾಕಿದ್ದಾಗ ರೀ," ಎಂದಳು ದುರುಗವ್ವ, ಒಂದಿಷ್ಟೂ ತಡವರಿಸದೆ. "ಕಬ್ಬಿನ ಬಂಡಿ ಮ್ಯಾಲಿಂದ ಬಿದ್ದಿದ್ನಿ."

ಡಾಕ್ಟರು ಮೇಜಿನಾಚೆ ಕೈಚಾಚಿದ್ದರೆ ಸಾಕಿತ್ತು. ದುರುಗವ್ವನ ಹೆಗಲಲ್ಲಿ ಗಂಟಿಲ್ಲವೆಂದು ಬೆರಳಿಗೆ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ಜನ ಒತ್ತಿಕೊಂಡು ನಿಂತಿದ್ದರು, ಯಾರದೋ ಕೂಸು ಕಿರುಚುತ್ತಿತ್ತು. ಡಾಕ್ಟರು ಕೈಚಾಚಲಿಲ್ಲ. ಧೂಳಿನ ಅಲರ್ಜಿ, ರಕ್ತ ಕಮ್ಮಿ ಎಂದು ಹೇಳಿ ಗುಳಿಗೆ ಬರೆದರು.

"ಈ ಫಿಲ್ಮ್ ಇಲ್ಲದಿದ್ದರೆ ಕಫ ಪರೀಕ್ಷೆಗೆ ಕಳಿಸುತ್ತಿದ್ದೆ. ಈಗ ಬೇಕಿಲ್ಲ ಬಿಡಿ. ಕ್ಷಯ ಆಗಿದ್ದರೂ ಹೆದರೋದೇನಿಲ್ಲ, ಮಾತ್ರೆ ಇಲ್ಲೇ ಪುಕ್ಕಟೆ ಕೊಡ್ತೀವಿ."

ಬಸ್ಸಿನಲ್ಲಿ ಹಂಪಕ್ಕ ತಡೆಯಲಾರದೆ ಅಂದಳು. "ಯಕ್ಕಾ, ಆ ಎದಿ ನಂದು."

"ನಂಗೊತ್ತಿಲ್ಲೇನ? ಹೆಸರು ನಂದೈತಲ್ಲ. ರೇಷನ್ ಕಾರ್ಡಿನ್ಯಾಗ ಹೆಸರಿದ್ದಾಕಿಗೆ ಅಕ್ಕಿ ಕೊಡಂಗಿಲ್ಲೇನು?" ದುರುಗವ್ವ ಕಿಟಕಿಗೆ ತಲೆಯಾನಿಸಿದಳು. "ನಿಜ ಹೇಳಿದ್ರ ಏನಾಗ್ತಿತ್ತು ಹೇಳು. ಕಂಪನಿಗೆ ಸುದ್ದಿ ಹೋಗ್ತಿತ್ತು. ಉಳದ ಆರು ಮಂದಿ ಪಾಸೂ ಹರೀತಿದ್ರು. ನಿನ್ನ ಪೊಲೀಸ್ನೋರು ಒಯ್ತಿದ್ರು. ಸುಮ್ನಿರು. ಗುಳಿಗಿ ಕೊಟ್ಟಾರಲ್ಲ."

ಮರುದಿನ ಒಬ್ಬಳೇ ಹೋಗಿ ಆ ಡಾಕ್ಟರಿಗೆ ಹೇಳಿ ಬರಬಹುದಿತ್ತು. ಅದರ ಮರುದಿನವೂ ಹೋಗಬಹುದಿತ್ತು. ಬಸ್ಸಿಗೆ ಎಂಟು ರೂಪಾಯಿ. ಹಂಪಕ್ಕ ಹೋಗಲಿಲ್ಲ. ಗುಳಿಗೆ ಕೊಟ್ಟಾರಲ್ಲ ಎಂದು ತಾನೂ ಅಂದುಕೊಂಡಳು.

*

ಮಣ್ಣು ಮಾಡಿ ಬಂದಾಗ ಮೂರು ದಾಟಿತ್ತು. ಗಂಡಸರು ಊರ ಹೊರಗೇ ಮಿಂದರು. ಹೆಂಗಸರು ಬೋರಿನ ತೊಟ್ಟಿಯ ಹತ್ತಿರ ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಳ್ಳುತ್ತಿದ್ದರು. ಮಾತುಕತೆ ಆಗಲೇ ನಾಳೆಯ ಕಡೆ ತಿರುಗಿತ್ತು. ಯಾರು ಯಾವ ಸೀರೆ ತರಬೇಕು, ಹಂಪಕ್ಕ ಮೊದಲು ಯಾರ ಹೆಸರಿಗೆ ನಿಲ್ಲಬೇಕು, ಏಳು ಹೆಸರನ್ನು ದೂರ ದೂರ ಬರೆಸಲು ಯಲ್ಲೇಶನಿಗೆ ಯಾರು ಹೇಳಬೇಕು. ಹಂಪಕ್ಕ ಒದ್ದೆ ಕೂದಲಲ್ಲಿ ನಿಂತು ಕೇಳಿಸಿಕೊಂಡಳು. ತೊಟ್ಟಿಯ ಆಚೆ ದೇವಿಕಾ ತಣ್ಣೀರಿಗೆ ನಡುಗುತ್ತ ಕೆಮ್ಮುತ್ತಿದ್ದಳು. ಮುದುಕಿ ಮೊಮ್ಮಗಳ ಬೆನ್ನು ಸವರುತ್ತಿದ್ದಳು.

"ನಾನು ನಿಲ್ಲಂಗಿಲ್ಲ," ಎಂದಳು ಹಂಪಕ್ಕ.

ಚೊಂಬುಗಳು ನಿಂತವು.

"ಏನಂದಿ?"

"ದೇವಿಕಾಗ ನಿಲ್ಲಂಗಿಲ್ಲ. ಯಾರಿಗೂ ನಿಲ್ಲಂಗಿಲ್ಲ." ಅವಳು ತೊಟ್ಟಿ ಸುತ್ತಿ ಬಂದು ಮುದುಕಿಯ ಎದುರು ನಿಂತಳು. "ಯವ್ವಾ, ಆಗ ಕೇಳಿದ್ಯಲ್ಲ, ಸ್ವಚ್ಛ ಇದ್ರ ಯಾಕ ಸತ್ಲು ಅಂತ. ಡಾಕ್ಟರು ನೋಡಿದ್ದು ನಿನ್ನ ಮಗಳ ಎದಿ ಅಲ್ಲ. ನಂದು. ಆಕೀ ಹೆಸರಿಲೆ ನಾ ನಿಂತಿದ್ದೆ. ಡಾಕ್ಟರು ಕೇಳಿದಾಗ ಪಕ್ಕದಾಗ ನಿಂತು ಬಾಯಿ ಬಿಡಲಿಲ್ಲ."

"ಹಂಪಕ್ಕ, ಬಾಯಿ ಮುಚ್ಚು," ಎಂದಳು ವಿರುಪಮ್ಮ.

ಹಂಪಕ್ಕ ಮುಚ್ಚಲಿಲ್ಲ. ಟ್ಯಾಂಕರಿನ ಮರೆ, ವ್ಯಾನು, ಮುರಿದ ಎಲುಬು, ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, ಹೊಡೆತಕ್ಕೆ ಕಾದವಳಂತೆ ಕಣ್ಣುಮುಚ್ಚಿ ನಿಂತಳು. ಹೊಡೆತ ಬೀಳಲಿಲ್ಲ. ಕುತ್ತಿಗೆಯ ಬುಡದಲ್ಲಿ ಒಂದು ಒರಟು ಬೆರಳು ತಾಕಿತು. ಮುದುಕಿ ಆ ಗಂಟನ್ನು ಹುಡುಕಿ, ಒತ್ತಿ ನೋಡಿ, ಕೈತೆಗೆದಳು. ಚೊಂಬು ತೆಗೆದುಕೊಂಡು ಆ ಬೆರಳನ್ನು ತೊಳೆದಳು.

ಬೈಗುಳ ಬಂದದ್ದು ಉಳಿದವರಿಂದ. "ಸತ್ತಾಕಿ ಹೋದ್ಲು, ಇದ್ದೋರ ಬಾಯಿಗೆ ಮಣ್ಣು ಹಾಕಾಕ ನಿಂತೀಯೇನು?" "ನೀನು ಅಡಿಗಿ ಮನಿಯಾಗ ಕುಂತಾಕಿ, ನಿಂಗೇನು ಗೊತ್ತು?" "ಕಂಪ್ಲಿಯೋರ ಬುದ್ಧಿ ನೋಡ್ರೇ." ವಿರುಪಮ್ಮ ಮಾತ್ರ ಬೈಯಲಿಲ್ಲ. "ಆರು ಮನಿ ಒಲಿ ಹಂಪಕ್ಕ," ಎಂದಳು. "ನನ್ನ ಎದ್ಯಾಗೂ ಶಿಳ್ಳಿ ಊದ್ತೈತಿ, ನಂಗೊತ್ತು. ಫಿಲ್ಮ್ ತೆಗದ್ರ ಗುಣ ಆಕ್ಕೈತೇನು? ಪಾಸ್ ಹೋಗ್ತೈತಿ ಅಷ್ಟ."

"ಕಫ ಕೊಟ್ರ ಸಾಕಂತ. ಮಾತ್ರಿ ಪುಕ್ಕಟೆ ಕೊಡ್ತಾರಂತ. ಡಾಕ್ಟರ ಹೇಳಿದ್ದು. ಎಲ್ಲಾರೂ ಹೋಗೋಣು ಬರ್ರೆ."

"ಕೂಲಿ ಪುಕ್ಕಟೆ ಕೊಡ್ತಾರೇನು?"

ಹಂಪಕ್ಕ ದೇವಿಕಾಳ ಕೈಹಿಡಿದು ಮನೆಗೆ ಕರೆತಂದಳು. ಬಾಗಿಲಲ್ಲಿ ಪಾಲಪ್ಪ ನಿಂತಿದ್ದ. ತೊಟ್ಟಿಯ ಮಾತು ಅವಳಿಗಿಂತ ಮುಂಚೆ ಮನೆಗೆ ಬಂದಿತ್ತು.

"ಭಾವ, ಆಕೀ ಫಿಲ್ಮು..."

"ನಂಗೊತ್ತಿತ್ತು," ಎಂದ ಪಾಲಪ್ಪ. "ಮೊದಲನೇ ದಿನದಿಂದ ಗೊತ್ತಿತ್ತು. ದವಾಖಾನಿಗೆ ಹೋಗೋವಾಗ ಅದನ್ನ ಚೀಲದಾಗ ಇಟ್ಟಾವ ನಾನ." ದಾರಿ ಬಿಟ್ಟು ಸರಿಯುತ್ತ ಅಂದ. "ಮುನ್ನೂರು ರೂಪಾಯಿ ಉಳೀತೈತಿ ಅಂತ."

ಒಳಗೆ ದುರುಗವ್ವ ಪ್ರಾಣ ಬಿಟ್ಟ ಜಾಗದಲ್ಲಿ ದೀಪ ಹಚ್ಚಿ, ಸುತ್ತ ಹಿಟ್ಟು ಚೆಲ್ಲಿದ್ದರು. ಹಂಪಕ್ಕ ಹುಡುಗಿಯ ತಲೆ ಒರೆಸುತ್ತ ಮೆಲ್ಲಗೆ ಹೇಳಿದಳು. "ನಾಳಿ ಮೊದಲನೇ ಬಸ್ಸಿಗೆ ಹೋಗೋಣು. ಒಂದು ಡಬ್ಬಿಯಾಗ ಉಗುಳಿ ಕೊಡೋದು. ಇದ್ರ ಮಾತ್ರಿ ಕೊಡ್ತಾರ. ಆರೆಂಟು ತಿಂಗಳು ನುಂಗಿದ್ರ ಗುಣ ಆಗ್ತೈತಂತ."

"ಆರೆಂಟು ತಿಂಗಳು ಮಾತ್ರಿ ಜೋಡಿ ಉಣ್ಣೋದೇನು ಚಿಗವ್ವ?"

"ನಾ ಮಾಡಿದ್ರಾಗ ಉಣ್ತಿ."

"ನೀ ಮಾಡೋದು ಅವ್ರ ಪ್ಲಾಟಿನ್ಯಾಗ. ಇವತ್ತು ಇಷ್ಟೆಲ್ಲ ಕೂಗಾಡಿದಿ. ನಾಳಿ ಒಳಗ ಬಿಡ್ತಾರೇನು ನಿನ್ನ?"

ಅದೂ ಹಂಪಕ್ಕನಿಗೆ ಹೊಳೆದಿರಲಿಲ್ಲ. ಆದರೂ ಅಂದಳು. "ಕಂಪ್ಲಿಗೆ ಹೋಗೋಣು. ನಮ್ಮವ್ವ ಇನ್ನೂ ಗಟ್ಟಿ ಅದಾಳ. ಕಾಲುವಿ ನೀರೈತಿ. ಕಳೆ ಕಿತ್ತಾದ್ರೂ ತಿನ್ನಾಕ ಹಾಕ್ತೀನಿ. ನೀ ಬದುಕು ಮೊದಲ."

ದೇವಿಕಾ ದೀಪದ ಬತ್ತಿಯನ್ನು ಬೆರಳಿಂದ ಮುಂದಕ್ಕೆ ಸರಿಸಿದಳು. "ಹೂಂ," ಎಂದಳು ಕಡೆಗೆ. "ಮೊದಲನೇ ಬಸ್ಸಿಗೆ."

ಬೆಳಗಿನಿಂದ ಮೊದಲ ಬಾರಿ ಹಂಪಕ್ಕನಿಗೆ ಹಸಿವಾಯಿತು.

*

ಹೊತ್ತು ಮುಳುಗುವ ಮುಂಚೆ ನೆರೆಮನೆಯವರು ತಂದುಕೊಟ್ಟ ರೊಟ್ಟಿಯನ್ನು ಹಂಪಕ್ಕ ಮುದುಕಿಗೂ ಪಾಲಪ್ಪನಿಗೂ ಬಡಿಸಿದಳು. ಮುದುಕಿ ಅವಳ ಕೈಯಿಂದ ತಟ್ಟೆ ಇಸಿದುಕೊಂಡಳು, ಮುಖ ನೋಡಲಿಲ್ಲ. ಹಂಪಕ್ಕ ದೇವಿಕಾಳ ಪಾಲನ್ನು ಮುಚ್ಚಿಟ್ಟು ಕೂಗಿದಳು. ಉತ್ತರ ಬರಲಿಲ್ಲ. ಹಿತ್ತಲಲ್ಲಿ ಇಲ್ಲ, ತೊಟ್ಟಿಯ ಹತ್ತಿರ ಇಲ್ಲ. ರಸ್ತೆಗೆ ಬಂದು ನೋಡಿದರೆ ಅದಿರಿನ ಲಾರಿಗಳು ದೀಪ ಹಾಕಿಕೊಂಡು ಇಳಿಯುತ್ತಿದ್ದವು. ಧೂಳಿನಲ್ಲಿ ಆಚೆ ಬದಿಯ ಮನೆಗಳು ಕಾಣುತ್ತಿರಲಿಲ್ಲ. ಲಾರಿಗಳ ನಡುವೆ ಸಂದಿ ಸಿಕ್ಕಾಗ ದಾಟಿ, ಹೆಂಗಸರ ಮಾತು ಕೇಳಿಸಿದ ಕಡೆ ನಡೆದಳು.

ವಿರುಪಮ್ಮನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬಲ್ಬಿನ ಕೆಳಗೆ ತೊಟ್ಟಿಯ ಹತ್ತಿರ ಬೈದಿದ್ದವರೆಲ್ಲ ವೃತ್ತವಾಗಿ ನಿಂತಿದ್ದರು. ನಡುವೆ, ಬೋರಲು ಹಾಕಿದ ಅದಿರಿನ ಬುಟ್ಟಿಯ ಮೇಲೆ, ವಿರುಪಮ್ಮನ ಮಗಳು ತ್ರಿವೇಣಿ. ಆರನೇ ಕ್ಲಾಸಿನ ಹುಡುಗಿ, ಪ್ಲಾಟಿನೊಳಗೆ ಕಾಲಿಟ್ಟವಳಲ್ಲ. ಅವಳಿಗೆ ತಾಯಿಯ ರವಿಕೆ ತೊಡಿಸಿ, ಹೆಗಲ ಹತ್ತಿರ ಹೊಲಿಗೆ ಹಾಕಿ ಬಿಗಿ ಮಾಡಿದ್ದರು. ವಿರುಪಮ್ಮ ತನ್ನ ಕೊರಳ ತಾಳಿಯನ್ನು ಬಿಚ್ಚಿ ಮಗಳಿಗೆ ಹಾಕುತ್ತಿದ್ದಳು. ಮೂಗು ಬಾಯಿಗೆ ಯಾರೋ ಬಟ್ಟೆ ಸುತ್ತಿ, ದೂರ ಸರಿದು, ತಲೆ ಓರೆ ಮಾಡಿ ನೋಡಿದರು.

"ಇನ್ನೊಂದೀಟು ಎತ್ತರ ಆಗಬೇಕಿತ್ತು."

"ಕತ್ತಲಕೋಣಿಯಾಗ ಯಾರು ನೋಡ್ತಾರ ಬಿಡ. ಲೇ ತ್ರಿವೇಣೀ, ಅವನು ಹೇಳಿದಾಗ ಉಸಿರು ಎಳದು ಹಿಡೀಬೇಕು. ನಗಬಾರದು. ಎಲ್ಲಿ, ಹಿಡದು ತೋರ್ಸು."

ಬುಟ್ಟಿಯ ಮುಂದೆ ಮೊಣಕಾಲೂರಿ ಕೂತು ದೇವಿಕಾ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಉದ್ದ ಹೆಚ್ಚಾದ ಸೀರೆಯನ್ನು ಒಳಕ್ಕೆ ಮಡಚಿ, ಒಂದೊಂದೇ ನೆರಿಗೆಯನ್ನು ಬೆರಳಲ್ಲಿ ಅಳೆದು ಕೂಡಿಸಿ, ತುಟಿಗಳ ನಡುವೆ ಕಚ್ಚಿಕೊಂಡಿದ್ದ ಪಿನ್ನನ್ನು ತೆಗೆದು ಚುಚ್ಚಿದಳು. ಕೆಮ್ಮು ಬಂದಾಗ ನೆರಿಗೆ ಬಿಡದೆ, ಮುಖವನ್ನಷ್ಟೇ ತೋಳಿಗೆ ಒತ್ತಿಕೊಂಡಳು. ಮೇಲೆ ಹುಡುಗಿ ಕಣ್ಣುಮುಚ್ಚಿ, ಎದೆಯುಬ್ಬಿಸಿ, ಉಸಿರು ಹಿಡಿದು ನಿಂತಿದ್ದಳು. ಹೆಂಗಸರು ಒಂದು, ಎರಡು, ಮೂರು ಎಂದು ಎಣಿಸತೊಡಗಿದರು.